ಯಂತ್ರಮಾನವನ ಹೊಟ್ಟೆಯೊಳಗೆ ಯಾರಿದ್ದಾರೆ?

ವಿಜ್ಞಾನ ವಸ್ತುಪ್ರದರ್ಶನದ ಸುತ್ತೋಲೆ ಶಾಲೆಗೆ ಬಂತೆಂದರೆ ಮಾರನೆಯ ದಿನದಿಂದಲೇ ಪಾಲಕರ ಪ್ರಶ್ನೆ ಶುರುವಾಗುತ್ತದೆ. 'ಸರ್ರ, ಹುಡುಗ ರೋಬೋಟ್ ಮಾಡ್ತೇನಿ ಅಂತಾನ. ಕಿಟ್ ಹುಬ್ಬಳ್ಳ್ಯಾಗ ಸಿಗ್ತದೋ, ಬೆಳಗಾವ್ಯಾಗ ಸಿಗ್ತದೋ?' ದಾಂಡೇಲಿಯಿರಲಿ, ಹಳಿಯಾಳವಿರಲಿ, ಮುಂಡಗೋಡವಿರಲಿ, ಪ್ರಶ್ನೆ ಮಾತ್ರ ಇದೇ. ಜೊಯಿಡಾದ ಒಳಹಳ್ಳಿಗಳಿಂದ ಬರುವ ಮಕ್ಕಳಲ್ಲಿ ಹಲವರು ಇದನ್ನು ಕೇಳುವುದೇ ಇಲ್ಲ. ರೋಬೋಟ್ ಎಂದರೆ ದುಡ್ಡಿದ್ದವರ ಆಟ ಎಂದು ಅವರಷ್ಟಕ್ಕೆ ಅವರೇ ತೀರ್ಮಾನಿಸಿಕೊಂಡು, ಮಳೆನೀರು ಕೊಯ್ಲಿನ ಚಾರ್ಟು ಬರೆಯಲು ಕುಳಿತುಬಿಡುತ್ತಾರೆ.

ಇಬ್ಬರಿಗೂ ಈ ವಾರ ನನ್ನದೊಂದು ಸಲಹೆ ಇದೆ. ಕಿಟ್ಟಿನ ಗೊಡವೆ ಬಿಡಿ. ಮೇಜಿನ ಮೇಲೆ ಗಿರಕಿ ಹೊಡೆಯುವ ಅಂಗೈಯಗಲದ ಗಾಡಿಯೂ ಬೇಡ. ಹತ್ತು ಮಕ್ಕಳು ಸೇರಿ ಆಳೆತ್ತರದ, ಕತ್ತು ಹೊರಳಿಸುವ, ಕೈ ಎತ್ತುವ, ಎದೆಯ ದೀಪ ಮಿನುಗಿಸುತ್ತ ಮಾತನಾಡುವ ಒಂದು ಯಂತ್ರಮಾನವನನ್ನು ಕಟ್ಟಿ. ಮಾದರಿ ಬೇಕೆಂದರೆ ಹಳೆಯ ಟೀವಿ ಧಾರಾವಾಹಿಗಳಲ್ಲಿ ಬೇಕಾದಷ್ಟಿವೆ. ಅವುಗಳ ಪೂರ್ಣ ಗಾತ್ರದ ಪ್ರತಿಕೃತಿ ಕಟ್ಟುವ ಹವ್ಯಾಸ ಅಮೆರಿಕ, ಇಂಗ್ಲೆಂಡುಗಳಲ್ಲಿ ದೊಡ್ಡದಾಗಿ ಬೆಳೆದಿದೆ. ನಮ್ಮಲ್ಲಿ ಅದು ಯಾಕಾಗಬಾರದು? ಬಿದಿರು ಕೆಲಸ ಬಲ್ಲ ಕೈಗಳು ಜೊಯಿಡಾದಲ್ಲಿವೆ. ರಟ್ಟಿನ ಪೆಟ್ಟಿಗೆಗೆ ಕಾಗದದ ಊರಾದ ದಾಂಡೇಲಿಯಲ್ಲಿ ಬರವಿಲ್ಲ. ಮೋಟಾರು, ಚೈನು, ಬೇರಿಂಗುಗಳಿಗೆ ಯಾವ ಊರಿನ ಗುಜರಿಯಾದರೂ ಸಾಕು.

ಪೆಟ್ಟಿಗೆಯೊಳಗಿನ ಮನುಷ್ಯ

ನನ್ನ ವಯಸ್ಸಿನವರಿಗೆ 1980ರ ದಶಕದ ದೂರದರ್ಶನದಲ್ಲಿ ಬಂದ 'ಜಾಯಂಟ್ ರೋಬಾಟ್' ನೆನಪಿರಬೇಕು. ಕೈಗಡಿಯಾರದಲ್ಲಿ ಹುಡುಗನೊಬ್ಬ ಆಜ್ಞೆ ಕೊಟ್ಟರೆ ಸಾಕು, ಬೆಟ್ಟದಂಥ ಯಂತ್ರ ಹಾರಿ ಬರುತ್ತಿತ್ತು. ಜಪಾನಿನಲ್ಲಿ 1967-68ರಲ್ಲಿ ತಯಾರಾದ ಧಾರಾವಾಹಿ ಅದು. ಅಮೆರಿಕದವರಿಗೆ ಅಷ್ಟೇ ಪ್ರಿಯವಾದದ್ದು 1965ರಿಂದ 1968ರವರೆಗೆ ಬಂದ 'ಲಾಸ್ಟ್ ಇನ್ ಸ್ಪೇಸ್'. ಅಂತರಿಕ್ಷದಲ್ಲಿ ದಾರಿ ತಪ್ಪಿದ ಒಂದು ಕುಟುಂಬ, ಅದರ ಜೊತೆಗೊಂದು ಯಂತ್ರಮಾನವ. ಗಾಜಿನಂಥ ತಲೆ, ಪೆಟ್ಟಿಗೆಯಂಥ ಎದೆ, ಮಡಿಕೆ ಮಡಿಕೆಯಾದ ತೋಳು, ಕೆಂಪು ಇಕ್ಕಳದ ಕೈ. ಅಪಾಯ ಬಂದಾಗ ಕೈ ಬೀಸಿ ಬೀಸಿ ಎಚ್ಚರಿಸುವುದು ಅದರ ರೂಢಿ. ಅದನ್ನು ವಿನ್ಯಾಸ ಮಾಡಿದವರು ರಾಬರ್ಟ್ ಕಿನೋಶಿಟಾ. 1956ರ 'ಫರ್ಬಿಡನ್ ಪ್ಲಾನೆಟ್' ಚಿತ್ರದ ರೋಬಿ ಎಂಬ ಯಂತ್ರಮಾನವನ ವಿನ್ಯಾಸದಲ್ಲೂ ಅವರ ಕೈ ಇತ್ತು.

ಈ ಯಂತ್ರ ಹೇಗೆ ಕೆಲಸ ಮಾಡುತ್ತಿತ್ತು ಗೊತ್ತೆ? ಅದರೊಳಗೆ ಬಾಬ್ ಮೇ ಎಂಬ ನಟ ನಿಂತಿರುತ್ತಿದ್ದ. ಕೈ ಆಡಿಸುವವನು ಅವನೇ. ಮಾತಿಗೆ ತಕ್ಕಂತೆ ಎದೆಯ ದೀಪ ಮಿನುಗಿಸಲು ಒಳಗೇ ಇದ್ದ ಗುಂಡಿ ಒತ್ತುವವನೂ ಅವನೇ. ತೆರೆಯ ಮೇಲೆ ಕೇಳುವ ದನಿ ಡಿಕ್ ಟುಫೆಲ್ಡ್ ಎಂಬ ಇನ್ನೊಬ್ಬರದು. ಯಂತ್ರ ನೆಲದ ಮೇಲೆ ಜಾರುತ್ತ ಮುಂದೆ ಬರಬೇಕಾದರೆ ಹೊರಗಿನಿಂದ ತಂತಿ ಕಟ್ಟಿ ಎಳೆಯುತ್ತಿದ್ದರು.

ನಮಗೆ ಇದರಲ್ಲಿ ಹೊಸದೇನಿದೆ ಹೇಳಿ! ದಸರಾ ಮೆರವಣಿಗೆಯ ಗಾರುಡಿ ಗೊಂಬೆಯನ್ನು ನೋಡಿದವರಿಗೆಲ್ಲ ಈ ತಂತ್ರ ಪರಿಚಿತ. ಬಿದಿರಿನ ಚೌಕಟ್ಟು, ಕಾಗದದ ತಿರುಳಿನ ಮುಖ, ಮೇಲೆ ಜರಿ ಬಟ್ಟೆ, ಒಳಗೆ ಬೆವರುತ್ತ ಕುಣಿಯುವ ಒಬ್ಬ ಮನುಷ್ಯ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ನೆಲೆಯಿದೆ. ಟಿಬೆಟನ್ನರ ಹಿಮಸಿಂಹ ಕುಣಿತದಲ್ಲಿ ಒಂದೇ ಸಿಂಹದ ಚರ್ಮದೊಳಗೆ ಇಬ್ಬರಿರುತ್ತಾರೆ. ಮುಂಗಾಲು ಒಬ್ಬನದು, ಹಿಂಗಾಲು ಇನ್ನೊಬ್ಬನದು. ಸಿಂಹ ಕತ್ತು ಕೊಡವಿದರೆ ಮಕ್ಕಳು ಹೆದರಿ ಹಿಂದೆ ಸರಿಯುತ್ತಾರೆ, ಒಳಗೆ ಮನುಷ್ಯರಿದ್ದಾರೆಂಬುದು ಗೊತ್ತಿದ್ದೂ. ಟೀವಿಯ ಯಂತ್ರಮಾನವನೂ ಇದೇ ವಂಶದವನು.

ಇನ್ನು ಪ್ರತಿಕೃತಿ ಕಟ್ಟುವವರ ವಿಚಾರಕ್ಕೆ ಬರೋಣ. ಅವರು ಒಳಗೆ ಮನುಷ್ಯನನ್ನು ನಿಲ್ಲಿಸುವುದಿಲ್ಲ. ಅವನು ಮಾಡುತ್ತಿದ್ದ ಒಂದೊಂದು ಕೆಲಸಕ್ಕೂ ಒಂದೊಂದು ಮೋಟಾರು, ಒಂದೊಂದು ಸ್ವಿಚ್ಚು ಜೋಡಿಸಬೇಕು. ಹೀಗೆ ನಕಲು ಎನ್ನಿಸಿಕೊಂಡದ್ದು ಅಸಲಿಗಿಂತ ಹೆಚ್ಚು ಯಂತ್ರವಾಗುತ್ತದೆ! ಮಕ್ಕಳು ಕಲಿಯಬೇಕಾದ ವಿಜ್ಞಾನವೆಲ್ಲ ಇರುವುದು ಈ ಬದಲಾವಣೆಯಲ್ಲೇ.

ದೊಡ್ಡದು ಮಾಡಿದರೆ ಏನಾಗುತ್ತದೆ?

'ಅರ್ಧ ಮೀಟರಿನ ಮಾದರಿ ಮಾಡಿದ್ದೇವೆ. ಅದನ್ನೇ ನಾಲ್ಕು ಪಟ್ಟು ಮಾಡಿದರೆ ಎರಡು ಮೀಟರ್ ಆಯಿತಲ್ಲ?' ಎಂದು ಮಕ್ಕಳು ಕೇಳುತ್ತಾರೆ. ಲೆಕ್ಕ ಮಾಡಿ ನೋಡೋಣ. ಎತ್ತರ 4 ಪಟ್ಟಾದರೆ ಬಣ್ಣ ಬಳಿಯಬೇಕಾದ ಹೊರಮೈ 4 × 4, ಅಂದರೆ 16 ಪಟ್ಟು. ಅದೇ ವಸ್ತುವಿನಿಂದ, ಅದೇ ಅನುಪಾತದಲ್ಲಿ ಮಾಡಿದರೆ ತೂಕ 4 × 4 × 4, ಅಂದರೆ 64 ಪಟ್ಟು. ಒಂದು ಕಿಲೋ ಇದ್ದ ಮಾದರಿ 64 ಕಿಲೋ ಆಯಿತು. ಅದನ್ನು ಹೊರುವ ಕಾಲಿನ ಅಡ್ಡಕೊಯ್ತದ ವಿಸ್ತಾರ ಮಾತ್ರ 16 ಪಟ್ಟು ಹೆಚ್ಚಿದೆ. ಹೀಗಾಗಿ ಕಾಲಿನ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ 4 ಪಟ್ಟಾಯಿತು. ಆನೆಯ ಕಾಲು ಜಿಂಕೆಯ ಕಾಲಿನಂತೆ ಸಪೂರವಾಗಿರದೆ ಕಂಬದಂತೆ ಇರುವುದು ಇದಕ್ಕೇ. ಗೆಲಿಲಿಯೊ ಈ ವಿಚಾರವನ್ನು 1638ರಷ್ಟು ಹಿಂದೆಯೇ ತನ್ನ ಪುಸ್ತಕದಲ್ಲಿ ವಿವರಿಸಿದ್ದ.

ಕೈ ಎತ್ತುವ ಕಷ್ಟ ಇದಕ್ಕಿಂತಲೂ ಹೆಚ್ಚಿನದು. ಭುಜದ ಕೀಲಿನ ಮೇಲೆ ಬೀಳುವ ತಿರುಚುಬಲ ತೂಕವನ್ನೂ ತೋಳಿನ ಉದ್ದವನ್ನೂ ಅವಲಂಬಿಸಿದೆ. ತೂಕ 64 ಪಟ್ಟು, ಉದ್ದ 4 ಪಟ್ಟು, ಗುಣಿಸಿದರೆ 256! ಮೇಜಿನ ಮೇಲಿನ ಮಾದರಿಯ ಕೈಯನ್ನು ಲೀಲಾಜಾಲವಾಗಿ ಎತ್ತುತ್ತಿದ್ದ ಮೋಟಾರು ಆಳೆತ್ತರದ ಬೊಂಬೆಯಲ್ಲಿ ಮಿಸುಕುವುದೂ ಇಲ್ಲ. ಪೂರ್ಣ ಗಾತ್ರದಲ್ಲಿ ಕಟ್ಟಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಚಿಕ್ಕದರಲ್ಲಿ ಅಡಗಿ ಕುಳಿತ ಭೌತಶಾಸ್ತ್ರ ದೊಡ್ಡದರಲ್ಲಿ ಎದುರಿಗೆ ಬಂದು ನಿಲ್ಲುತ್ತದೆ.

ಆದ್ದರಿಂದ ಮೊದಲ ನಿಯಮ: ಒಳಗೆ ಪೊಳ್ಳಾಗಿರಲಿ. ಬಿದಿರಿನ ಸೀಳುಗಳಿಂದ ಚೌಕಟ್ಟು ಕಟ್ಟಿ, ಮೇಲೆ ರಟ್ಟು ಹೊದಿಸಿ, ಹಳೆಯ ಪತ್ರಿಕೆಯ ಕಾಗದವನ್ನು ಮೈದಾ ಅಂಟಿನಲ್ಲಿ ನೆನೆಸಿ ನಾಲ್ಕೈದು ಪದರ ಅಂಟಿಸಿ. ಒಣಗಿದ ಮೇಲೆ ಅದು ತೆಳು ಹಲಗೆಯಷ್ಟು ಗಟ್ಟಿಯಾಗುತ್ತದೆ. (ಬಿದಿರನ್ನು ಕೊಂಡು ತನ್ನಿ ಅಥವಾ ಹಿತ್ತಲಿನದನ್ನು ಬಳಸಿ. ಕಾಡಿನದಕ್ಕೆ ಕೈ ಹಾಕಬೇಡಿ. ಅಲ್ಲಿ ಆನೆಗೂ ಪಾಲಿದೆ, ಅರಣ್ಯ ಇಲಾಖೆಯವರಿಗೂ ಕಣ್ಣಿದೆ.) ತೋಳಿನ ಮಡಿಕೆಗಳಿಗೆ ಬಟ್ಟೆಯ ಚೀಲದೊಳಗೆ ಬಿದಿರಿನ ಬಳೆಗಳನ್ನು ಹೊಲಿದರೆ ಸರಿ, ದೀಪಾವಳಿಯ ಆಕಾಶಬುಟ್ಟಿ ಮಾಡಿದ ಕೈಗೆ ಅದು ಕಷ್ಟವಲ್ಲ. ಪಾರದರ್ಶಕ ತಲೆಗೆ ಇಪ್ಪತ್ತು ಲೀಟರಿನ ನೀರಿನ ಕ್ಯಾನಿನ ಮೇಲ್ಭಾಗ ಸಾಕು. ಇಕ್ಕಳದ ಕೈ ಮುಚ್ಚಿ ತೆರೆಯಲು ಸೈಕಲ್ ಬ್ರೇಕಿನ ತಂತಿ ಮತ್ತು ಒಂದು ಸ್ಪ್ರಿಂಗು ಸಾಕು.

ಏತದ ಕಲ್ಲು, ಕುಸ್ತಿಯ ನಿಲುವು

ತೋಳಿನ ಲೆಕ್ಕವನ್ನು ಬಿಡಿಸಿಯೇ ನೋಡೋಣ. ತೋಳಿನ ಉದ್ದ 60 ಸೆಂಟಿಮೀಟರ್, ತೂಕ ಒಂದೂವರೆ ಕಿಲೋ ಎನ್ನಿ. ಆ ತೂಕವೆಲ್ಲ ನಡುವಿನಲ್ಲಿ, ಅಂದರೆ ಭುಜದಿಂದ 30 ಸೆಂಟಿಮೀಟರಿನಲ್ಲಿ ಇದೆ ಎಂದು ಭಾವಿಸಬಹುದು. ತುದಿಯ ಇಕ್ಕಳ ಅರ್ಧ ಕಿಲೋ. ತೋಳು ಅಡ್ಡಲಾಗಿ ಚಾಚಿದಾಗ ಭುಜದ ಮೇಲಿನ ತಿರುಚುಬಲ ಹೀಗೆ: 1.5 × 30 = 45, ಇದಕ್ಕೆ 0.5 × 60 = 30 ಕೂಡಿದರೆ ಒಟ್ಟು 75 ಕಿಲೋ-ಸೆಂಟಿಮೀಟರ್. ಕಿಟ್ಟುಗಳಲ್ಲಿ ಬರುವ ನೀಲಿ ಬಣ್ಣದ ಪುಟ್ಟ ಸರ್ವೊ ಮೋಟಾರಿನ ಶಕ್ತಿ ಒಂದೂವರೆಯಿಂದ ಎರಡು ಕಿಲೋ-ಸೆಂಟಿಮೀಟರ್. ಅಂಥವು ಸುಮಾರು ನಲವತ್ತು ಸೇರಿದರೆ ಒಂದು ತೋಳು ಎದ್ದೀತು!

ನಮ್ಮ ಹಿರಿಯರು ಈ ತೊಡಕನ್ನು ಬಹಳ ಹಿಂದೆಯೇ ಬಿಡಿಸಿದ್ದಾರೆ. ಬಾವಿಯಿಂದ ನೀರೆತ್ತುವ ಏತವನ್ನು ನೆನಪಿಸಿಕೊಳ್ಳಿ. ಉದ್ದನೆಯ ಗಳದ ಒಂದು ತುದಿಗೆ ಬಾನಿ, ಗಿಡ್ಡ ತುದಿಗೆ ಭಾರವಾದ ಕಲ್ಲು. ಕಲ್ಲು ಬಾನಿಯ ಭಾರವನ್ನು ತೂಗಿಸಿಕೊಳ್ಳುತ್ತದೆ, ಮನುಷ್ಯ ಸ್ವಲ್ಪವೇ ಬಲ ಹಾಕಿದರೆ ಸಾಕಾಗುತ್ತದೆ. ಯಂತ್ರಮಾನವನ ತೋಳನ್ನೂ ಭುಜದಿಂದ ಹಿಂದಕ್ಕೆ 15 ಸೆಂಟಿಮೀಟರ್ ಬೆಳೆಸಿ, ಆ ತುದಿಗೆ 5 ಕಿಲೋ ಕಟ್ಟಿ. 5 × 15 = 75. ಎರಡೂ ಕಡೆ ಸಮ! ಈಗ ಮೋಟಾರಿನ ಕೆಲಸ ಕೀಲಿನ ತಿಕ್ಕಾಟವನ್ನು ಮೀರಿ ತೋಳನ್ನು ಹೊರಳಿಸುವುದಷ್ಟೇ.

ಆದರೆ ಎರಡು ತೋಳಿಗೆ 10 ಕಿಲೋ ಕಲ್ಲನ್ನು ಭುಜದ ಎತ್ತರದಲ್ಲಿ ಹೇರಿದಂತಾಯಿತಲ್ಲ? ಬೊಂಬೆ ಮುಗ್ಗರಿಸದೆ? ಒಳ್ಳೆಯ ಪ್ರಶ್ನೆ. ಕಲ್ಲಿನ ಬದಲು ಹಿಂದಿನ ತುದಿಯನ್ನು ಕೆಳಕ್ಕೆ ಎಳೆಯುವ ಒಂದು ಬಲವಾದ ಸ್ಪ್ರಿಂಗು ಹಾಕಬಹುದು. ಬಗ್ಗಿಸಿದಲ್ಲೇ ನಿಲ್ಲುವ ಓದುವ ಮೇಜಿನ ದೀಪದ ಕೈಯಲ್ಲಿ ಇರುವುದು ಇದೇ ಏರ್ಪಾಟು. ಸ್ಪ್ರಿಂಗಿನ ಸೆಳೆತ ತೋಳಿನ ಕೋನದೊಂದಿಗೆ ಬದಲಾಗುವುದರಿಂದ ತೂಗುವಿಕೆ ಕರಾರುವಾಕ್ಕಾಗದು. ಉಳಿದ ವ್ಯತ್ಯಾಸವನ್ನು ಮೋಟಾರು ಸುಧಾರಿಸಿಕೊಳ್ಳುತ್ತದೆ. ಕಲ್ಲೋ ಸ್ಪ್ರಿಂಗೋ ಎಂಬ ಆಯ್ಕೆಯನ್ನು ಮಕ್ಕಳೇ ಚರ್ಚಿಸಿ ಮಾಡಲಿ. ಎಂಜಿನಿಯರರ ದಿನನಿತ್ಯದ ಕೆಲಸವೂ ಒಂದು ಲಾಭಕ್ಕಾಗಿ ಇನ್ನೊಂದನ್ನು ಎಷ್ಟು ಬಿಟ್ಟುಕೊಡಬೇಕೆಂಬ ಚರ್ಚೆಯೇ.

ಮುಗ್ಗರಿಸುವ ಮಾತು ಬಂತಲ್ಲ, ಅದಕ್ಕೆ ಹಳಿಯಾಳದ ಕುಸ್ತಿಯ ಕಣವನ್ನು ನೋಡಿ. ಪೈಲವಾನರು ಎದುರಾಳಿಯ ಮುಂದೆ ನೆಟ್ಟಗೆ ನಿಲ್ಲುವುದಿಲ್ಲ. ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ, ಮೈಯನ್ನು ತಗ್ಗಿಸುತ್ತಾರೆ. ಪಾದಗಳ ನಡುವಿನ ಅಂತರ ಹೆಚ್ಚಿತು, ಗುರುತ್ವಕೇಂದ್ರ ಇಳಿಯಿತು. ಕೆಡವುವುದು ಕಷ್ಟವಾಯಿತು. ನಿಮ್ಮ ಯಂತ್ರಮಾನವನ ಬುಡ 60 ಸೆಂಟಿಮೀಟರ್ ಅಗಲವಿದ್ದು, ಗುರುತ್ವಕೇಂದ್ರ ನೆಲದಿಂದ 90 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಸುಮಾರು 18 ಡಿಗ್ರಿ ವಾಲಿದ ಕೂಡಲೇ ಅದು ಉರುಳುತ್ತದೆ. ಗುರುತ್ವಕೇಂದ್ರವನ್ನು 45ಕ್ಕೆ ಇಳಿಸಿದಿರೋ, ಸುಮಾರು 34 ಡಿಗ್ರಿಯವರೆಗೆ ತಾಳಿಕೊಳ್ಳುತ್ತದೆ. ತ್ರಿಕೋನಮಿತಿ ಕಲಿತ ಹತ್ತನೆಯವರು ಇದನ್ನು ತಾಳೆ ನೋಡಬಹುದು: 30ನ್ನು 90ರಿಂದ ಮತ್ತು 45ರಿಂದ ಭಾಗಿಸಿ, ಯಾವ ಕೋನದ 'ಟ್ಯಾನ್' ಬೆಲೆ ಅದು ಎಂದು ಕೋಷ್ಟಕದಲ್ಲಿ ಹುಡುಕಿ. ಆದ್ದರಿಂದ ಬ್ಯಾಟರಿಯನ್ನು ಎದೆಯಲ್ಲಿಡಬೇಡಿ, ಪಾದದಲ್ಲಿಡಿ.

ಕಾಲು ಎತ್ತಿ ನಡೆಯುವ ಆಸೆಯನ್ನು ಮೊದಲ ವರ್ಷ ಬಿಟ್ಟುಬಿಡಿ. ಟೀವಿಯ ಯಂತ್ರವೂ ನಡೆಯುತ್ತಿದ್ದುದು ಒಳಗಿದ್ದವನ ಕಾಲಿನಿಂದಲೇ. ಬುಡದಡಿ ಗಾಲಿಗಳನ್ನು ಹಾಕಿ, ಸ್ಕರ್ಟಿನಂತೆ ರಟ್ಟು ಮುಚ್ಚಿದರೆ ಸಾಕು, ಜಾರುತ್ತ ಬರುವ ಗಾಂಭೀರ್ಯವೇ ಬೇರೆ.

ಕತ್ತು, ದನಿ, ಕಣ್ಣು

ಕತ್ತು ಅತ್ತಿಂದಿತ್ತ ಹೊರಳಬೇಕು. ಇದಕ್ಕೆ ಗುಜರಿಯಲ್ಲಿ ಸಿಗುವ ಹಳೆಯ ಕಾರಿನ ವೈಪರ್ ಮೋಟಾರು ಬಹಳ ಒಳ್ಳೆಯದು. 12 ವೋಲ್ಟಿನಲ್ಲಿ ನಡೆಯುತ್ತದೆ, ಒಳಗೇ ಗಿಯರು ಇರುವುದರಿಂದ ನಿಧಾನವಾಗಿ ಬಲವಾಗಿ ತಿರುಗುತ್ತದೆ. ಆದರೆ ಅದು ಒಂದೇ ದಿಕ್ಕಿನಲ್ಲಿ ಸುತ್ತುತ್ತದಲ್ಲ? ಹೊಲಿಗೆ ಯಂತ್ರವನ್ನು ನೆನೆಯಿರಿ. ಅಲ್ಲಿ ಪೆಡಲಿನ ಮೇಲೆ ಕೆಳಗಿನ ಚಲನೆ ಒಂದು ಕೋಲಿನ ಮೂಲಕ ಚಕ್ರದ ಸುತ್ತುವಿಕೆಯಾಗುತ್ತದೆ. ನಮಗೆ ಬೇಕಾದದ್ದು ಅದರ ತಿರುವು ಮುರುವು. ಮೋಟಾರಿನ ಅಚ್ಚಿಗೆ ಗಿಡ್ಡ ಕೈ, ಕತ್ತಿನ ಬಿಲ್ಲೆಗೆ ಉದ್ದ ಕೈ, ನಡುವೆ ಒಂದು ಕೋಲು. ಮೋಟಾರು ಸುತ್ತುತ್ತದೆ, ಕತ್ತು ಹೊರಳುತ್ತದೆ. ತಿರುಗುವ ಕುರ್ಚಿಯ ಬುಡದ ಬೇರಿಂಗು ಕತ್ತಿಗೆ ಸರಿಹೋಗುತ್ತದೆ.

ಮಾತಿಗೆ ಮೊಬೈಲಿನಲ್ಲಿ ಮೊದಲೇ ಧ್ವನಿ ಮುದ್ರಿಸಿಕೊಂಡು ಚಿಕ್ಕ ಆಂಪ್ಲಿಫೈಯರಿಗೆ ಕೊಡಿ. ಸ್ಪೀಕರಿಗೆ ಹೋಗುವ ಸಂಕೇತದ ಒಂದಂಶವನ್ನು ರೋಧಕದ ಮೂಲಕ ಟ್ರಾನ್ಸಿಸ್ಟರಿನ ಬೇಸಿಗೆ ಕೊಟ್ಟರೆ, ದನಿ ಏರಿದಾಗ ಎದೆಯ ಎಲ್‌ಇಡಿ ಬೆಳಗುತ್ತದೆ, ಇಳಿದಾಗ ಆರುತ್ತದೆ. ಬಾಬ್ ಮೇ ಬೆರಳಿನಿಂದ ಮಾಡುತ್ತಿದ್ದ ಕೆಲಸವನ್ನು ಒಂದು ಟ್ರಾನ್ಸಿಸ್ಟರು ಮಾಡಿದಂತಾಯಿತು.

ಇಷ್ಟಾದರೂ ಇದು ಇನ್ನೂ ಗೊಂಬೆಯೇ. ಅದಕ್ಕೆ ಲೋಕದ ಅರಿವಿಲ್ಲ. ಅರಿವು ಕೊಡುವುದು ಸಂವೇದಕ. ಬಾವಲಿ ಕತ್ತಲಲ್ಲಿ ಹಾರುವಂತೆ, ಶ್ರವಣಾತೀತ ಶಬ್ದವನ್ನು ಬಿಟ್ಟು ಅದರ ಪ್ರತಿಧ್ವನಿ ಎಷ್ಟು ಹೊತ್ತಿಗೆ ಮರಳಿತೆಂದು ಅಳೆಯುವ ಸಂವೇದಕ ಅಗ್ಗವಾಗಿ ಸಿಗುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಒಂದು ಮೀಟರ್ ದೂರದಲ್ಲಿ ನೀವು ನಿಂತರೆ ಶಬ್ದ ಹೋಗಿ ಬರಲು 2 ಮೀಟರ್ ಕ್ರಮಿಸಬೇಕು, ಸುಮಾರು 6 ಮಿಲಿಸೆಕೆಂಡು ಸಾಕು. 2005ರಲ್ಲಿ ಇಟಲಿಯಲ್ಲಿ ವಿದ್ಯಾರ್ಥಿಗಳಿಗೆಂದೇ ಹುಟ್ಟಿದ ಆರ್ಡುಯಿನೊ ಎಂಬ ಚಿಕ್ಕ ಫಲಕ ಈ ಸಮಯವನ್ನು ಅಳೆದು, 'ಯಾರೋ ಹತ್ತಿರ ಬಂದರು, ಕೈ ಎತ್ತು' ಎಂದು ಮೋಟಾರಿಗೆ ಹೇಳಬಲ್ಲದು. ಅರಿಯುವುದು, ತೀರ್ಮಾನಿಸುವುದು, ಮಾಡುವುದು, ಈ ಮೂರೂ ಸೇರಿದಾಗ ಗೊಂಬೆ ರೋಬೋಟ್ ಎನ್ನಿಸಿಕೊಳ್ಳಲು ಅರ್ಹವಾಗುತ್ತದೆ.

ಅಂದ ಹಾಗೆ ಆ ಹೆಸರು ಬಂದದ್ದು ನಾಟಕದಿಂದ. ಝೆಕ್ ಲೇಖಕ ಕರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕದಲ್ಲಿ ಮೊದಲು ಬಳಕೆಯಾಯಿತು. ಪದವನ್ನು ಸೂಚಿಸಿದವನು ಅವನ ಅಣ್ಣ ಯೋಸೆಫ್. ಮೂಲದ 'ರೊಬೊಟಾ' ಎಂಬುದರ ಅರ್ಥ ಒಡೆಯನಿಗಾಗಿ ಮಾಡಬೇಕಾದ ಬಿಟ್ಟಿ ದುಡಿಮೆ. ನಮ್ಮ 'ಬಿಟ್ಟಿ ಚಾಕರಿ'ಯೇ ಅದು!

ಎಚ್ಚರಿಕೆಯ ನಾಲ್ಕು ಮಾತು

ಮೋಟಾರು, ದೀಪ ಎಲ್ಲವೂ 12 ವೋಲ್ಟಿನ ಬ್ಯಾಟರಿಯಲ್ಲೇ ನಡೆಯಲಿ. ಗೋಡೆಯ 230 ವೋಲ್ಟಿನ ತಂತಿಯನ್ನು ಬೊಂಬೆಯೊಳಗೆ ತರಲೇಬೇಡಿ. ಯುಪಿಎಸ್‌ನಲ್ಲಿ ಬಳಸುವ 7 ಆಂಪಿಯರ್-ಗಂಟೆಯ ಬ್ಯಾಟರಿ ಸುಮಾರು 2 ಕಿಲೋ ತೂಗುತ್ತದೆ. ಒಟ್ಟು 3 ಆಂಪಿಯರ್ ಎಳೆದರೆ ಲೆಕ್ಕದ ಪ್ರಕಾರ ಎರಡು ಗಂಟೆಗೂ ಸ್ವಲ್ಪ ಹೆಚ್ಚು, ವಾಸ್ತವದಲ್ಲಿ ಅದಕ್ಕಿಂತ ಕಡಿಮೆ ನಡೆಯುತ್ತದೆ. ಅದರ ಎರಡು ತುದಿಗಳನ್ನು ತಂತಿ ನೇರವಾಗಿ ಮುಟ್ಟಿದರೆ ಬೆಂಕಿಯೇ. ಫ್ಯೂಸು ಕಡ್ಡಾಯ.

ವೈಪರ್ ಮೋಟಾರಿಗೆ ಬೆರಳು ಜಜ್ಜುವ ಬಲವಿದೆ. ಎಲ್ಲವನ್ನೂ ಒಮ್ಮೆಗೇ ನಿಲ್ಲಿಸುವ ದೊಡ್ಡ ಕೆಂಪು ಗುಂಡಿ ಬೆನ್ನ ಮೇಲೆ, ಎಲ್ಲರ ಕೈಗೆ ಎಟಕುವಲ್ಲಿರಲಿ. ಬ್ಲೇಡು, ಬೆಸುಗೆಯ ಕೆಲಸದಲ್ಲಿ ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು. ಕೊನೆಯದಾಗಿ, ಮೋಟಾರು ಕೈಕೊಟ್ಟಿತೆಂದು ಮಗುವನ್ನು ಪೆಟ್ಟಿಗೆಯೊಳಗೆ ಕೂರಿಸಿ ಮುಚ್ಚಬೇಡಿ. ಸೆಖೆ, ಉಸಿರುಗಟ್ಟುವಿಕೆ, ಬೊಂಬೆ ಉರುಳಿದರೆ ಹೊರಬರಲಾಗದ ಭಯ, ಯಾವ ಬಹುಮಾನಕ್ಕಾಗಿಯೂ ಇವು ಬೇಡ.

ಆಟದಿಂದ ಏನು ಬಂತು?

'ಇಷ್ಟೆಲ್ಲ ಮಾಡಿದರೆ ಎಸ್‌ಎಸ್‌ಎಲ್‌ಸಿಯಲ್ಲಿ ಎಷ್ಟು ಅಂಕ ಹೆಚ್ಚಾಗುತ್ತದೆ?' ಎಂದು ಕೇಳುವ ಪಾಲಕರಿದ್ದಾರೆ. ಅವರ ಆತಂಕ ಹಗುರವಾದದ್ದೇನಲ್ಲ. ಕಾರ್ಖಾನೆಯ ಪಾಳಿ ಮುಗಿಸಿಯೋ ಕಬ್ಬಿನ ಗದ್ದೆಯಲ್ಲಿ ದುಡಿದೋ ಮಕ್ಕಳನ್ನು ಓದಿಸುವವರಿಗೆ ವೇಳೆ ಪೋಲಾಗುವ ಭಯ ಇದ್ದೇ ಇರುತ್ತದೆ. ಅವರಿಗಾಗಿ ಎರಡು ಸಂಗತಿ ಹೇಳುತ್ತೇನೆ.

ಇಂಗ್ಲೆಂಡಿನಲ್ಲಿ 1963ರ ಡಿಸೆಂಬರಿನಲ್ಲಿ 'ಡಾಕ್ಟರ್ ಹೂ' ಧಾರಾವಾಹಿಯಲ್ಲಿ ಡಾಲೆಕ್ ಎಂಬ ಪಾತ್ರ ಬಂತು. ಕವುಚಿಟ್ಟ ಕೊಳಗದಂಥ ಮೈ, ಚೊಂಬಿನಂಥ ತಲೆ. ಒಳಗೆ ಕುಳಿತ ನಟ ಕಾಲಿನಿಂದ ನೆಲ ಒದ್ದು ಗಾಲಿಯ ಮೇಲೆ ಓಡಾಡುತ್ತಿದ್ದ. ಅದರ ಒಂದು ಕೈ ಕಟ್ಟಿದ ಸಿಂಕಿನ ನೀರು ಬಿಡಿಸುವ ರಬ್ಬರಿನ ಬಟ್ಟಲು! ಮಕ್ಕಳಿಗೆ ಅದು ಎಷ್ಟು ಹಿಡಿಸಿತೆಂದರೆ 'ರೇಡಿಯೊ ಟೈಮ್ಸ್' ಪತ್ರಿಕೆ 1973ರ ವಿಶೇಷಾಂಕದಲ್ಲಿ ಡಾಲೆಕ್ ಕಟ್ಟುವ ನಕ್ಷೆಯನ್ನೇ ಅಚ್ಚು ಹಾಕಿತು. ಓದುಗರು ಮನೆಯಲ್ಲೇ ಕಟ್ಟಬಹುದಾದ ನಕ್ಷೆ ಅದು. ಇನ್ನೊಂದು ಸಂಗತಿ 'ಸ್ಟಾರ್ ವಾರ್ಸ್' ಚಿತ್ರಗಳ ಪುಟ್ಟ ರೋಬೋಟ್ ಆರ್2-ಡಿ2 ಕುರಿತದ್ದು. ಇಂಗ್ಲೆಂಡಿನ ಲೀ ಟವರ್ಸಿ ಮತ್ತು ಆಲಿವರ್ ಸ್ಟೀಪಲ್ಸ್ ಅದರ ಪ್ರತಿಕೃತಿ ಕಟ್ಟುತ್ತಿದ್ದ ಹವ್ಯಾಸಿಗಳು. ಅವರ ಕೆಲಸದ ಅಚ್ಚುಕಟ್ಟು ನೋಡಿ, 2015ರಲ್ಲಿ ತೆರೆಗೆ ಬಂದ ಚಿತ್ರಕ್ಕೆ ನಿಜವಾದ ಆರ್2-ಡಿ2 ಕಟ್ಟಲು ನಿರ್ಮಾಪಕರು ಅವರನ್ನೇ ಕರೆದರು. ಹವ್ಯಾಸ ಹೊಟ್ಟೆಪಾಡಿನ ಬಾಗಿಲನ್ನೂ ತೆರೆಯಿತು.

ದೂರದ ಮಾತೇಕೆ? ನಮ್ಮ ಜಿಲ್ಲೆಯ ಶಿರಸಿಯಲ್ಲೇ ಉಪನ್ಯಾಸಕ ಅಕ್ಷಯ್ ಮಾಶೇಲ್ಕರ್ ಅವರು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಪದ್ಯ, ಮಗ್ಗಿ ಹೇಳಿಕೊಡುವ, ಹುಡುಗಿಯ ರೂಪದ 'ಶಿಕ್ಷಾ' ಎಂಬ ಯಂತ್ರವನ್ನು ಕಟ್ಟಿದ್ದಾರೆ. 2022ರಲ್ಲಿ ಅದು ದೇಶದ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಗಗನಯಾನಕ್ಕೆಂದು ಇಸ್ರೊ ರೂಪಿಸಿದ ಅರ್ಧದೇಹದ ಯಂತ್ರನಾರಿ 'ವ್ಯೋಮಮಿತ್ರ' ಸಾರ್ವಜನಿಕರಿಗೆ ಮುಖ ತೋರಿಸಿದ್ದು 2020ರ ಜನವರಿಯಲ್ಲಿ, ಬೆಂಗಳೂರಿನಲ್ಲಿ.

ಇನ್ನೂ ಒಂದನ್ನು ಮಕ್ಕಳಿಗೆ ತಿಳಿಸಬೇಕು. ಜೊಯಿಡಾದ ಡಿಗ್ಗಿಯ ಬಳಿ ಹುಟ್ಟಿ ದಾಂಡೇಲಿಯನ್ನು ಹಾದು ಹೋಗುವ ನಮ್ಮ ಕಾಳಿ ನದಿಯ ಕೆಳದಂಡೆಯಲ್ಲಿ ಕೈಗಾ ಅಣುವಿದ್ಯುತ್ ಕೇಂದ್ರವಿದೆ. ಅಲ್ಲಿನ 220 ಮೆಗಾವಾಟಿನ ಪ್ರತಿ ರಿಯಾಕ್ಟರಿನಲ್ಲಿ 306 ಇಂಧನ ನಾಳಗಳಿವೆ. ವಿಕಿರಣದಿಂದಾಗಿ ಅಲ್ಲಿಗೆ ಮನುಷ್ಯ ಹೋಗುವಂತಿಲ್ಲ. ನಾಳದ ಎರಡೂ ತುದಿಗೆ ಎರಡು ಯಂತ್ರಗಳು ಬಂದು ಕಚ್ಚಿಕೊಳ್ಳುತ್ತವೆ. ಒಂದು ಹೊಸ ಇಂಧನದ ಕಟ್ಟನ್ನು ಒಳಗೆ ತಳ್ಳುತ್ತದೆ, ಇನ್ನೊಂದು ಉರಿದು ಮುಗಿದದ್ದನ್ನು ಈಚೆ ತೆಗೆದುಕೊಳ್ಳುತ್ತದೆ. ರಿಯಾಕ್ಟರು ನಡೆಯುತ್ತಿರುವಾಗಲೇ! ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಿಲ್ಲದೆ ನಡೆದು ದಾಖಲೆ ಮಾಡಿದ್ದರಲ್ಲಿ ಈ ಏರ್ಪಾಟಿನ ಪಾಲು ದೊಡ್ಡದು. ಆ ಯಂತ್ರಗಳಿಗೆ ಮುಖವಿಲ್ಲ, ಎದೆಯಲ್ಲಿ ದೀಪವಿಲ್ಲ. ಆದರೂ ನಮ್ಮ ನೆರೆಯ ನಿಜವಾದ ದುಡಿಯುವ ಯಂತ್ರಗಳು ಅವೇ.

ಚೀಟಿ ಅಂಟಿಸಿ

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನ್ನಿಸುವ ವಿಚಾರ. 1770ರಲ್ಲಿ ಕೆಂಪೆಲೆನ್ ಎಂಬ ಹಂಗೇರಿಯ ಅಧಿಕಾರಿ ಚದುರಂಗ ಆಡುವ ಯಂತ್ರವೊಂದನ್ನು ಆಸ್ಟ್ರಿಯದ ರಾಣಿಗೆ ತೋರಿಸಿದ. ತುರ್ಕಿ ವೇಷದ ಬೊಂಬೆ, ಮುಂದೆ ಗಿಯರು ತುಂಬಿದ ಪೆಟ್ಟಿಗೆ. ಅದು ಯೂರೋಪು, ಅಮೆರಿಕ ಎಲ್ಲ ಸುತ್ತಿತು, 1809ರಲ್ಲಿ ನೆಪೋಲಿಯನ್ನನನ್ನೂ ಸೋಲಿಸಿತು. ನಿಜದಲ್ಲಿ ಪೆಟ್ಟಿಗೆಯೊಳಗೆ ನುರಿತ ಆಟಗಾರನೊಬ್ಬ ಮುದುಡಿ ಕುಳಿತಿರುತ್ತಿದ್ದ. ಗಿಯರುಗಳೆಲ್ಲ ಕಣ್ಣಿಗೆ ಮಣ್ಣೆರಚಲು.

ಗಾರುಡಿ ಗೊಂಬೆಯೂ ಒಳಗೆ ಮನುಷ್ಯನನ್ನು ಇಟ್ಟುಕೊಂಡಿದೆ, ಆದರೆ ಅದು ಯಾರಿಗೂ ಮೋಸ ಮಾಡುವುದಿಲ್ಲ. ಕುಣಿಯುವವನ ಕಾಲು ಕೆಳಗೆ ಕಾಣುತ್ತಲೇ ಇರುತ್ತದೆ. ಇಂದು ನಮ್ಮ ಮಕ್ಕಳು ಮೊಬೈಲಿನಲ್ಲಿ ದಿನವೂ ರೋಬೋಟುಗಳ ವಿಡಿಯೊ ನೋಡುತ್ತಾರೆ, ಮಾತನಾಡುವ ಯಂತ್ರಗಳ ಜೊತೆ ಹರಟುತ್ತಾರೆ. ಅದರಲ್ಲಿ ಎಷ್ಟು ಯಂತ್ರದ ಕೆಲಸ, ಎಷ್ಟು ಮರೆಯಲ್ಲಿ ಕುಳಿತ ಮನುಷ್ಯನ ಕೆಲಸ, ಎಷ್ಟು ಬರಿಯ ಸಿನಿಮಾ? ಕೇಳಲು ಬಾರದವನು ಎಲ್ಲವನ್ನೂ ನಂಬುತ್ತಾನೆ, ಇಲ್ಲವೆ ಎಲ್ಲಕ್ಕೂ ಹೆದರುತ್ತಾನೆ. ತನ್ನ ಕೈಯಾರೆ ಒಂದು ಯಂತ್ರಮಾನವನನ್ನು ಕಟ್ಟಿದ ಹುಡುಗಿ ಮಾತ್ರ ಕೂಡಲೇ ಕೇಳುತ್ತಾಳೆ: 'ಇದರ ಸಂವೇದಕ ಎಲ್ಲಿದೆ? ತೀರ್ಮಾನ ಯಾರದು? ಒಳಗೆ ಯಾರಿದ್ದಾರೆ?'

ಅದಕ್ಕಾಗಿ ನಿಮ್ಮ ಯಂತ್ರಮಾನವನ ಎದೆಗೆ ಒಂದು ಚೀಟಿ ಅಂಟಿಸಿ. ಎಡಕ್ಕೆ 'ಇದು ತಾನಾಗಿಯೇ ಮಾಡುವುದು' ಎಂದು ಬರೆಯಿರಿ: ಯಾರಾದರೂ ಹತ್ತಿರ ಬಂದರೆ ಕೈ ಎತ್ತುವುದು, ದನಿಗೆ ದೀಪ ಮಿನುಗಿಸುವುದು. ಬಲಕ್ಕೆ 'ನಾವು ಮಾಡಿಸುವುದು' ಎಂದು ಬರೆಯಿರಿ: ಮುಂದೆ ಚಲಿಸುವುದು, ಮೊದಲೇ ಮುದ್ರಿಸಿದ ಮಾತನ್ನು ಹೇಳುವುದು. ತೀರ್ಪುಗಾರರು ಚೀಟಿ ಓದಿ ಅಂಕ ಕಡಿಮೆ ಮಾಡಿದರೆ ಮಾಡಲಿ. ನನ್ನ ಅನುಭವದಲ್ಲಿ ಒಳ್ಳೆಯ ತೀರ್ಪುಗಾರರು ಹಾಗೆ ಮಾಡುವುದಿಲ್ಲ.

ಪಾಲಕರಲ್ಲಿ ಎರಡು ವಿನಂತಿ. ದುಡ್ಡಿನ ಬಗ್ಗೆ ಮೊದಲು ಶಾಲೆಯಲ್ಲಿ ವಿಚಾರಿಸಿ. ಇನ್‌ಸ್ಪೈರ್-ಮಾನಕ್ ಯೋಜನೆಯಲ್ಲಿ ಕಲ್ಪನೆ ಆಯ್ಕೆಯಾದರೆ ಮಾದರಿ ತಯಾರಿಸಲು ವಿದ್ಯಾರ್ಥಿಯ ಖಾತೆಗೇ 10,000 ರೂಪಾಯಿ ಬರುತ್ತದೆ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ನಿಮ್ಮ ಶಾಲೆಯಲ್ಲಿದ್ದರೆ ಅದರ ಬೀರುವಿನ ಬೀಗ ತೆಗೆಸಿ. ಉಪಕರಣ ಹಾಳಾದೀತೆಂದು ಬೀಗ ಹಾಕಿಟ್ಟರೆ ತುಕ್ಕು ಹಿಡಿಯುವುದು ಉಪಕರಣಕ್ಕಷ್ಟೇ ಅಲ್ಲ. ಎರಡನೆಯದು, ಗುಂಪಿನಲ್ಲಿ ಹುಡುಗಿಯರಿಗೆ ಬಣ್ಣ ಬಳಿಯುವುದನ್ನೂ ಚಾರ್ಟು ಬರೆಯುವುದನ್ನೂ ಮಾತ್ರ ಕೊಡುವ ರೂಢಿ ಬೇಡ. ಸ್ಕ್ರೂಡ್ರೈವರು ಸರದಿಯಂತೆ ಎಲ್ಲರ ಕೈಗೂ ಹೋಗಲಿ. ನಿಮ್ಮ ಕೈಗೆ ಮಾತ್ರ ಬರುವುದು ಬೇಡ!

ಈ ವಾರದ ಪ್ರಯೋಗ: ಮನೆಯ ಉದ್ದ ಹಿಡಿಯ ಪೊರಕೆಯನ್ನು ಒಂದು ಬೆರಳ ಮೇಲೆ ಅಡ್ಡಲಾಗಿ ತೂಗಿಸಿ, ಸಮವಾಗಿ ನಿಂತ ಜಾಗಕ್ಕೆ ಗುರುತು ಮಾಡಿ. ಅಲ್ಲಿಂದ ಎರಡೂ ತುದಿಗಳ ದೂರ ಅಳೆಯಿರಿ. ಆ ಗುರುತಿನಲ್ಲೇ ಪೊರಕೆಯನ್ನು ಎರಡು ತುಂಡು ಮಾಡಿದರೆ ಎರಡರ ತೂಕ ಸಮವಾಗಿರುತ್ತದೆಯೆ? ನಿಜವಾಗಿ ತುಂಡು ಮಾಡಿ ಅಮ್ಮನ ಕೈಲಿ ಬೈಸಿಕೊಳ್ಳಬೇಡಿ. ಕಾಗದದ ಮೇಲೆ ಯೋಚಿಸಿ, ಕಾರಣ ಬರೆಯಿರಿ. ಉತ್ತರ ಸಿಕ್ಕಿತೆಂದರೆ ಯಂತ್ರಮಾನವನ ಒಂದು ತೋಳು ಕಟ್ಟಿದಂತೆಯೇ ಸರಿ.